ಪಿಎಸ್‌ಎ ಹೆಚ್ಚಿದ್ದರೆ ಕ್ಯಾನ್ಸರ್ ಎಂದೇ ಅರ್ಥವೇ?

ಪ್ರಶ್ನೆ: ನನಗೆ 66 ವರ್ಷ. ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳಬೇಕಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಗ್ರಂಥಿ 62 ಗ್ರಾಂ ಎಂದು ಬಂದಿದೆ. ಒಂದು ವರ್ಷದಿಂದ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಗ ಪಿಎಸ್‌ಎ 6.2 ಬಂದಿದೆ. ಇದು ಕ್ಯಾನ್ಸರೋ, ವಯಸ್ಸಿನಿಂದಾದ ಹಿಗ್ಗುವಿಕೆಯೋ ಎಂದು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇದೆಯೇ? ಬಯಾಪ್ಸಿ ಎಂದರೆ ನನಗೆ ಭಯ.
– ಹೆಸರು ಬೇಡ, ಹಾಸನ

ಉತ್ತರ: ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಪಿಎಸ್‌ಎ ಎಂಬುದು ವೀರ್ಯವನ್ನು ತೆಳುವಾಗಿಸಲು ಪ್ರಾಸ್ಟೇಟ್ ಸಹಜವಾಗಿಯೇ ತಯಾರಿಸುವ ಪ್ರೋಟೀನು. ಗ್ರಂಥಿ ಹಿಗ್ಗಿದರೂ, ಸೋಂಕು ತಗುಲಿದರೂ, ಮೂತ್ರ ಹೊರಹೋಗಲು ಕ್ಯಾತಿಟರ್ ಎಂಬ ನಳಿಕೆ ಹಾಕಿದರೂ ಅದು ರಕ್ತಕ್ಕೆ ಹೆಚ್ಚಾಗಿ ಸೋರುತ್ತದೆ. ಪ್ರತಿ ಮಿಲಿಲೀಟರಿಗೆ 4ರಿಂದ 10 ನ್ಯಾನೋಗ್ರಾಂ ನಡುವೆ ಬಂದವರಿಗೆ ಬಯಾಪ್ಸಿ (ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಲ್ಲಷ್ಟೇ ಕ್ಯಾನ್ಸರ್ ಕಾಣುತ್ತದೆ. 4ಕ್ಕಿಂತ ಕಡಿಮೆ ಇದ್ದವರಲ್ಲಿಯೂ ಅದು ಇರಬಹುದೆನ್ನುವುದನ್ನು ಮರೆಯುವಂತಿಲ್ಲ.

ಈ ಅನುಮಾನದ ವಲಯದಲ್ಲಿ ನೆರವಾಗುವುದು 'ಫ್ರೀ ಪಿಎಸ್‌ಎ'. ರಕ್ತದಲ್ಲಿ ಪಿಎಸ್‌ಎಯ ಬಹುಪಾಲು ಬೇರೆ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಸ್ವಲ್ಪ ಭಾಗ ಬಿಡಿಯಾಗಿರುತ್ತದೆ. ಕ್ಯಾನ್ಸರ್ ಇದ್ದವರಲ್ಲಿ ಆ ಬಿಡಿ ಭಾಗದ ಪ್ರಮಾಣ ತಗ್ಗುತ್ತದೆ. ಅದು ಒಟ್ಟು ಪಿಎಸ್‌ಎಯ ಶೇ 25ನ್ನು ಮೀರಿದ್ದರೆ ಅಪಾಯ ಕಡಿಮೆ, ಶೇ 10ಕ್ಕಿಂತ ಕೆಳಗಿದ್ದರೆ ಅನುಮಾನ ಗಾಢ. ತೊಂದರೆಯೆಂದರೆ, ಅನೇಕರ ಫಲಿತಾಂಶ ಇವೆರಡರ ನಡುವೆಯೇ ಬಂದು ನಿಲ್ಲುತ್ತದೆ. ಪಿಎಸ್‌ಎಯ ಪೂರ್ವರೂಪವಾದ ಪ್ರೊ-ಪಿಎಸ್‌ಎಯನ್ನೂ ಸೇರಿಸಿ ಲೆಕ್ಕಹಾಕುವ 'ಪ್ರಾಸ್ಟೇಟ್ ಹೆಲ್ತ್ ಇಂಡೆಕ್ಸ್' ಇನ್ನಷ್ಟು ಉತ್ತಮ, ಆದರೆ ಅದೂ ತೀರ್ಪಲ್ಲ, ಸಂಭವದ ಅಂದಾಜು.

ನಿಮ್ಮ 6.2ನ್ನು 62 ಗ್ರಾಂನಿಂದ ಭಾಗಿಸಿದರೆ 0.10 ಬರುತ್ತದೆ, ಇದನ್ನು ಪಿಎಸ್‌ಎ ಸಾಂದ್ರತೆ ಎನ್ನುತ್ತಾರೆ; 0.15ಕ್ಕಿಂತ ಕಡಿಮೆ ಇರುವುದರಿಂದ ಮೇಲ್ನೋಟಕ್ಕೆ ಇದು ಹಿಗ್ಗಿದ ಗ್ರಂಥಿಯ ಸಂಖ್ಯೆಯೇ ಎನಿಸುತ್ತದೆ. ಆದರೆ ಮಾತ್ರೆ ಯಾವುದೆಂದು ನೀವು ಬರೆದಿಲ್ಲ, ಇಲ್ಲಿ ಮುಖ್ಯವಾದದ್ದೇ ಅದು. ಮೂತ್ರದ ಹರಿವನ್ನು ಸುಲಭಗೊಳಿಸುವ ಟ್ಯಾಮ್ಸುಲೋಸಿನ್ ಮಾತ್ರವಾದರೆ ಪಿಎಸ್‌ಎ ಬದಲಾಗುವುದಿಲ್ಲ. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ಇದ್ದರೆ, ಅವು ಆರರಿಂದ ಹನ್ನೆರಡು ತಿಂಗಳಲ್ಲಿ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುವುದರಿಂದ, ನಿಮ್ಮ 6.2ನ್ನು 12 ಎಂದೇ ಓದಬೇಕಾಗುತ್ತದೆ, ಮೇಲಿನ ಸಮಾಧಾನ ಉಳಿಯುವುದಿಲ್ಲ. ಈ ಎರಡೂ ಬಗೆಯ ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಕೂಡಿಸಿಯೂ ಮಾರುತ್ತಾರೆ, ಆದ್ದರಿಂದ ಚೀಟಿಯನ್ನು ಮೂತ್ರರೋಗ ತಜ್ಞರಿಗೆ ತೋರಿಸಿ.

ಮೂತ್ರದ ಸೋಂಕಿದ್ದರೆ ಅದು ವಾಸಿಯಾಗಿ ಕೆಲವು ವಾರ ಕಳೆದ ಮೇಲೆ, ವೀರ್ಯಸ್ಖಲನವಾಗಿ ಎರಡು ದಿನವಾದರೂ ಆದ ಮೇಲೆ ರಕ್ತ ಕೊಟ್ಟು ಪುನಃ ಪರೀಕ್ಷಿಸಿಕೊಳ್ಳಿ. ಆಗಲೂ ಹೆಚ್ಚಿದ್ದರೆ ಈಗ ಸಾಮಾನ್ಯವಾಗಿ ಮೊದಲು ಎಂಆರ್‌ಐ ಮಾಡಿಸುತ್ತಾರೆ, ಅದರಲ್ಲಿ ಅನುಮಾನದ ಜಾಗ ಕಾಣದ ಅನೇಕರಿಗೆ ಬಯಾಪ್ಸಿ ತಪ್ಪುತ್ತದೆ. ಗುದದ್ವಾರದ ಮೂಲಕ ಬೆರಳಿನಿಂದ ಮಾಡುವ ಪರೀಕ್ಷೆಗೆ ಸಂಕೋಚ ಬೇಡ. ಅಲ್ಲಿ ಗಟ್ಟಿ ಗಂಟು ಸಿಕ್ಕಿದರೆ ಪಿಎಸ್‌ಎ ಕಡಿಮೆಯಿದ್ದರೂ ವೈದ್ಯರು ಮುಂದಿನ ತಪಾಸಣೆಗೆ ಹೇಳುತ್ತಾರೆ.