ಸೈಟ್ ಎಚ್‌ಟಿಟಿಪಿಎಸ್, ಮೇಲ್‌ನಲ್ಲಿ ಹೋದ ಲಿಂಕ್ ಎಚ್‌ಟಿಟಿಪಿ: ಯಾಕೆ ಹೀಗೆ?

ಪ್ರಶ್ನೆ: ನಮ್ಮದು ಜಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮಾಡಿದ ಸಣ್ಣ ಸೈಟ್. ಅದನ್ನು ಓಡಿಸುವುದು ಜಿಯೂನಿಕಾರ್ನ್ ಎಂಬ ಸರ್ವರ್, ಅದರ ಮುಂದೆ ಹೊರಗಿನ ಕೋರಿಕೆಗಳನ್ನು ಪಡೆದು ಒಳಗೆ ಕಳಿಸುವ ಎಂಜಿನ್‌ಎಕ್ಸ್ ಇದೆ. ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಹಾಕಿದ್ದೇವೆ, ಬ್ರೌಸರ್‌ನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಪಾಸ್‌ವರ್ಡ್ ರೀಸೆಟ್ ಮೇಲ್‌ನಲ್ಲಿರುವ ಲಿಂಕ್ ಮಾತ್ರ ಎಚ್‌ಟಿಟಿಪಿ ಎಂದೇ ಶುರುವಾಗುತ್ತದೆ. ಸರಿ ಮಾಡೋಣ ಅಂತ ಜಾಂಗೋ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಸ್‌ಎಲ್ ರೀಡೈರೆಕ್ಟ್ ಆನ್ ಮಾಡಿದೆ. ಈಗ ಸೈಟೇ ತೆರೆಯುತ್ತಿಲ್ಲ. ‘ಟೂ ಮೆನಿ ರೀಡೈರೆಕ್ಟ್ಸ್’ ಎಂದು ಬರುತ್ತದೆ.

ಉತ್ತರ: ಮೊದಲು ಆ ರೀಡೈರೆಕ್ಟ್ ಆಫ್ ಮಾಡಿ, ಸೈಟ್ ತೆರೆಯುತ್ತದೆ. ಆಮೇಲೆ ನಿಧಾನವಾಗಿ ನೋಡೋಣ.

ಬ್ರೌಸರ್‌ನಿಂದ ಬರುವ ಸುರಕ್ಷಿತ ಸಂಪರ್ಕ ಎಂಜಿನ್‌ಎಕ್ಸ್ ಹತ್ತಿರವೇ ಮುಗಿಯುತ್ತದೆ. 443ನೇ ಪೋರ್ಟ್‌ನಲ್ಲಿ ಅದು ಕೋರಿಕೆಯನ್ನು ಬಿಡಿಸಿಕೊಂಡು, ಒಳಗೆ ಜಿಯೂನಿಕಾರ್ನ್ ಕಾಯುವ 8000ನೇ ಪೋರ್ಟ್‌ಗೆ ಬರೀ ಎಚ್‌ಟಿಟಿಪಿಯಲ್ಲಿ ದಾಟಿಸುತ್ತದೆ. ಜಾಂಗೋಗೆ ಕಾಣುವುದು ಈ ಎರಡನೇ ಹೆಜ್ಜೆ ಮಾತ್ರ. ರೀಸೆಟ್ ಮೇಲ್ ತಯಾರಿಸುವಾಗ ಅದು ‘ಈ ಕೋರಿಕೆ ಸುರಕ್ಷಿತವಾಗಿ ಬಂತಾ?’ ಎಂದು ನೋಡುತ್ತದೆ. ಇಲ್ಲ ಎಂದು ಉತ್ತರ ಬರುತ್ತದೆ, ಲಿಂಕ್ ಎಚ್‌ಟಿಟಿಪಿ ಆಗುತ್ತದೆ. ಪಾಪ, ಜಾಂಗೋದ ತಪ್ಪೇನಿಲ್ಲ.

ಸೈಟ್ ನಿಂತದ್ದೂ ಇದೇ ಕಾರಣಕ್ಕೆ. ಎಚ್‌ಟಿಟಿಪಿಯಲ್ಲಿ ಬಂದಿದ್ದೀಯ, ಎಚ್‌ಟಿಟಿಪಿಎಸ್‌ಗೆ ಹೋಗು ಎಂದು ಜಾಂಗೋ 301 (ಬೇರೆ ವಿಳಾಸಕ್ಕೆ ಕಳಿಸುವ ಉತ್ತರ) ಕೊಡುತ್ತದೆ. ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತದೆ. ಎಂಜಿನ್‌ಎಕ್ಸ್ ಮತ್ತೆ ಎಚ್‌ಟಿಟಿಪಿಯಲ್ಲಿ ಒಳಗೆ ಕಳಿಸುತ್ತದೆ. ಮತ್ತೆ 301. ಸುಮಾರು 20 ಸುತ್ತು ಆದ ಮೇಲೆ ಬ್ರೌಸರ್ ಕೈಚೆಲ್ಲುತ್ತದೆ.

ಹಾಗಾಗಿ ಮಾಡಬೇಕಾದ್ದು ಇಷ್ಟೇ: ಹೊರಗಿನವರು ಹೇಗೆ ಬಂದರು ಅಂತ ಎಂಜಿನ್‌ಎಕ್ಸ್ ಜಾಂಗೋಗೆ ಹೇಳಬೇಕು. ಗೇಟಿನ ಸೆಕ್ಯುರಿಟಿಯವರು ಚೀಟಿ ಬರೆದು ಒಳಗೆ ಕಳಿಸುತ್ತಾರಲ್ವಾ, ಹಾಗೆ. ಆ ಚೀಟಿಯ ಹೆಸರು ಎಕ್ಸ್-ಫಾರ್ವರ್ಡೆಡ್-ಪ್ರೋಟೋ. ಇದೊಂದು ಹೆಡರ್, ಅಂದರೆ ಕೋರಿಕೆಯ ಜೊತೆ ಹೋಗುವ ಮಾಹಿತಿಯ ಸಾಲು. ಎಂಜಿನ್‌ಎಕ್ಸ್‌ನ ಲೊಕೇಶನ್ ಬ್ಲಾಕ್‌ನಲ್ಲಿ, ಕೋರಿಕೆಯನ್ನು ಒಳಗೆ ದಾಟಿಸುವ ಪ್ರಾಕ್ಸಿ_ಪಾಸ್ ಸಾಲಿನ ಪಕ್ಕದಲ್ಲೇ ಇವೆರಡು ಸೇರಿಸಿ (ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು, ಅದನ್ನು ಹೇಳಬೇಕಾಗಿಲ್ಲ):

ಪ್ರಾಕ್ಸಿ_ಸೆಟ್_ಹೆಡರ್ ಎಕ್ಸ್-ಫಾರ್ವರ್ಡೆಡ್-ಪ್ರೋಟೋ $ಸ್ಕೀಮ್;
ಪ್ರಾಕ್ಸಿ_ಸೆಟ್_ಹೆಡರ್ ಹೋಸ್ಟ್ $ಹೋಸ್ಟ್;

ಎರಡನೆಯದನ್ನು ಬಿಟ್ಟರೆ ಎಂಜಿನ್‌ಎಕ್ಸ್ ನಿಮ್ಮ ಡೊಮೇನ್ ಬದಲು ಪ್ರಾಕ್ಸಿ_ಪಾಸ್‌ನಲ್ಲಿ ಬರೆದ ವಿಳಾಸವನ್ನೇ ಹೋಸ್ಟ್ ಎಂದು ಕಳಿಸುತ್ತದೆ. ಆಗ ಲಿಂಕ್‌ನಲ್ಲಿ 127.0.0.1 (ಮೆಷಿನ್ ತನ್ನನ್ನೇ ಕರೆದುಕೊಳ್ಳುವ ವಿಳಾಸ) ಬಂದು ಕೂರುತ್ತದೆ, ಇಲ್ಲವೇ ಜಾಂಗೋ 400 (ತಪ್ಪು ಕೋರಿಕೆ) ಎಂದು ತಿರಸ್ಕರಿಸುತ್ತದೆ.

ಇಲ್ಲಿ ಒಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸರ್ವರ್ ಬ್ಲಾಕ್‌ನಲ್ಲಿ ಈ ಹೆಡರ್‌ಗಳನ್ನು ಹಾಕಿರುತ್ತೀರಿ, ಎಲ್ಲ ಸರಿ ಇರುತ್ತದೆ. ಒಂದು ದಿನ ಯಾವುದೋ ಲೊಕೇಶನ್ ಒಳಗೆ ವೆಬ್‌ಸಾಕೆಟ್‌ಗೆ ಅಂತ ಒಂದೇ ಒಂದು ಪ್ರಾಕ್ಸಿ_ಸೆಟ್_ಹೆಡರ್ ಸೇರಿಸುತ್ತೀರಿ. ಅಷ್ಟಕ್ಕೇ ಮೇಲಿನವೆಲ್ಲ ಆ ಲೊಕೇಶನ್‌ಗೆ ಇಲ್ಲವಾಗುತ್ತವೆ. ಒಳಗಿನ ಬ್ಲಾಕ್‌ನಲ್ಲಿ ಈ ಸಾಲು ಒಂದಾದರೂ ಇದ್ದರೆ ಮೇಲಿನಿಂದ ಯಾವುದೂ ಇಳಿದು ಬರುವುದಿಲ್ಲ. ಎಂಜಿನ್‌ಎಕ್ಸ್‌ನ ನಿಯಮವೇ ಹಾಗೆ. ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಸುಳಿವೂ ಇರುವುದಿಲ್ಲ. ಹೆಡರ್‌ಗಳನ್ನೆಲ್ಲ ಒಂದು ಫೈಲ್‌ನಲ್ಲಿಟ್ಟು, ಬೇಕಾದ ಲೊಕೇಶನ್‌ನಲ್ಲೆಲ್ಲ ಇನ್‌ಕ್ಲೂಡ್ ಮಾಡುವುದೇ ನನಗೆ ಸರಿ ಅನಿಸುತ್ತದೆ.

ಜಾಂಗೋ ಕಡೆ ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್ ಎಂಬ ಸೆಟ್ಟಿಂಗ್ ಬೇಕು. ಅದರಲ್ಲಿ ಎರಡು ಮೌಲ್ಯ: ಒಂದು ಹೆಡರ್‌ನ ಹೆಸರು, ಇನ್ನೊಂದು ‘ಎಚ್‌ಟಿಟಿಪಿಎಸ್’ ಎಂಬ ಪದ. ಹೆಸರನ್ನು ಇದ್ದ ಹಾಗೇ ಬರೆಯಬೇಡಿ. ಎಲ್ಲ ದೊಡ್ಡಕ್ಷರ, ಮುಂದೆ ‘ಎಚ್‌ಟಿಟಿಪಿ_’, ನಡುವಿನ ಗೀಟುಗಳ ಜಾಗದಲ್ಲಿ ಅಂಡರ್‌ಸ್ಕೋರ್. ಎರಡನೆಯದು ಸಣ್ಣಕ್ಷರದಲ್ಲಿ.

‘ಈ ಸೆಟ್ಟಿಂಗ್ ಇಲ್ಲದೆಯೇ ನಮ್ಮಲ್ಲಿ ನಡೆಯುತ್ತಿದೆಯಲ್ಲ’ ಎನ್ನುವವರೂ ಇದ್ದಾರೆ. ಅದೂ ನಿಜ. 127.0.0.1ರಿಂದ ಈ ಹೆಡರ್ ಬಂದರೆ ಜಿಯೂನಿಕಾರ್ನ್ ತಾನಾಗಿಯೇ ನಂಬುತ್ತದೆ. ಎಂಜಿನ್‌ಎಕ್ಸ್ ಅದೇ ಮೆಷಿನ್‌ನಲ್ಲಿದ್ದರೆ ಕೆಲಸ ಆಗಿಬಿಡುತ್ತದೆ. ಅದೇ ಸೈಟನ್ನು ಡಾಕರ್‌ಗೆ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ) ಸಾಗಿಸಿ ಎರಡನ್ನೂ ಬೇರೆ ಬೇರೆ ಕಂಟೇನರ್‌ನಲ್ಲಿ ಇಟ್ಟರೆ ವಿಳಾಸ ಬದಲಾಗುತ್ತದೆ, ಹಳೇ ಕಾಟ ವಾಪಸ್. ಸೆಟ್ಟಿಂಗ್ ಬರೆದಿಟ್ಟರೆ ಆ ತಲೆನೋವಿಲ್ಲ.

ಈಗ ಮುಖ್ಯವಾದ ಎಚ್ಚರಿಕೆ. ಈ ಹೆಡರ್ ಬರೀ ಅಕ್ಷರ. ಕರ್ಲ್ (ಕಮಾಂಡ್ ಲೈನ್‌ನಿಂದ ಕೋರಿಕೆ ಕಳಿಸುವ ಟೂಲ್) ಇದ್ದ ಯಾರು ಬೇಕಾದರೂ ಇದನ್ನು ಬರೆದು ಕಳಿಸಬಹುದು. ಎಂಜಿನ್‌ಎಕ್ಸ್ ಮೂಲಕ ಬಂದರೆ ಮೇಲಿನ ಸಾಲು ಅದನ್ನು ಅಳಿಸಿ ತನ್ನದನ್ನು ಬರೆಯುತ್ತದೆ, ಚಿಂತೆಯಿಲ್ಲ. ಆದರೆ 8000ನೇ ಪೋರ್ಟ್ ಹೊರಗಿನವರಿಗೂ ತೆರೆದಿದ್ದರೆ? ನೇರ ಅಲ್ಲಿಗೇ ಬಂದು ಸುಳ್ಳು ಹೇಳಬಹುದು. ಡಾಕರ್ ಇಲ್ಲದಿದ್ದರೆ ಜಿಯೂನಿಕಾರ್ನ್ 127.0.0.1ಕ್ಕೆ ಮಾತ್ರ ಕಿವಿಗೊಡಲಿ. ಡಾಕರ್ ಬಳಸಿದರೆ ಪೋರ್ಟ್ ಸಾಲಿನಲ್ಲಿ ಸುಮ್ನೆ 8000:8000 ಎಂದು ಬರೆಯಬೇಡಿ, 127.0.0.1:8000:8000 ಎಂದು ಬರೆಯಿರಿ. ಎರಡೂ ಕಂಟೇನರ್ ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿದ್ದರೆ ಆ ಸಾಲೇ ಬೇಡ. ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇನೆ ಎಂದು ಧೈರ್ಯವಾಗಿರಬೇಡಿ. ಡಾಕರ್ ತೆರೆದ ಪೋರ್ಟ್ ಅದರ ನಿಯಮಗಳನ್ನು ದಾಟಿಕೊಂಡೇ ಹೊರಗೆ ಕಾಣುತ್ತದೆ.

ಇಷ್ಟಾದ ಮೇಲೆ ರೀಡೈರೆಕ್ಟ್ ಮತ್ತೆ ಆನ್ ಮಾಡಿ. ಪರೀಕ್ಷೆಗೆ ಬ್ರೌಸರ್ ಬೇಡ, ಅದು 301 ಅನ್ನು ನೆನಪಿಟ್ಟುಕೊಂಡಿರುತ್ತದೆ. ಕರ್ಲ್ ಜೊತೆ ದೊಡ್ಡ ‘ಐ’ ಆಯ್ಕೆ ಹಾಕಿ ನೋಡಿ. ಎಚ್‌ಟಿಟಿಪಿಎಸ್ ವಿಳಾಸಕ್ಕೆ 200 ಬಂದರೆ ಗೆದ್ದಿರಿ. ಎಚ್‌ಎಸ್‌ಟಿಎಸ್‌ಗೆ (ಇಷ್ಟು ಕಾಲ ಎಚ್‌ಟಿಟಿಪಿಎಸ್‌ನಲ್ಲೇ ಬಾ ಎಂದು ಬ್ರೌಸರ್‌ಗೆ ಹೇಳುವ ಹೆಡರ್) ಅವಸರ ಮಾಡಬೇಡಿ. ಮೊದಲು 3600 ಸೆಕೆಂಡ್ ಕೊಟ್ಟು ನೋಡಿ. ಒಂದೇ ಸಲ ಒಂದು ವರ್ಷ ಕೊಟ್ಟು ಆಮೇಲೆ ಸರ್ಟಿಫಿಕೇಟ್ ಕೈಕೊಟ್ಟರೆ, ಮೊದಲೇ ಬಂದು ಹೋದವರ ಬ್ರೌಸರ್ ನಿಮ್ಮ ಸೈಟನ್ನು ಎಚ್‌ಟಿಟಿಪಿಯಲ್ಲಿ ತೆರೆಯುವುದೇ ಇಲ್ಲ.

ಅಂದಹಾಗೆ, ಜಾಂಗೋ 4.0ರಿಂದ ಈಚೆಗೆ ಫಾರ್ಮ್ ಕಳಿಸಿದರೆ ಸಿಎಸ್‌ಆರ್‌ಎಫ್ 403 (ಫಾರ್ಮ್ ನಮ್ಮ ಸೈಟಿನಿಂದಲೇ ಬಂತಾ ಎಂಬ ಪರೀಕ್ಷೆಯಲ್ಲಿ ನಿರಾಕರಣೆ) ಬರುವುದಕ್ಕೂ ಎಷ್ಟೋ ಸಲ ಇದೇ ಮೂಲ. ಟ್ರಸ್ಟೆಡ್ ಆರಿಜಿನ್ಸ್ (ನಂಬಿದ ಸೈಟ್‌ಗಳ ಪಟ್ಟಿ) ಸೆಟ್ಟಿಂಗ್‌ನಲ್ಲಿ ಡೊಮೇನ್ ಸೇರಿಸಿ ಸುಮ್ಮನಾಗುವವರೇ ಜಾಸ್ತಿ. ಮೊದಲು ಹೆಡರ್ ನೋಡಿ.

ಪ್ರಶ್ನೆ: ಎಂಜಿನ್‌ಎಕ್ಸ್‌ನಲ್ಲಿ ಇದೆಲ್ಲ ಹಾಕಿದ್ದೇನೆ, ಆದರೂ ಸುತ್ತು ನಿಂತಿಲ್ಲ. ಅದರ ಮುಂದೆ, ಬ್ರೌಸರ್ ಮತ್ತು ಸರ್ವರ್ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆ ಇದೆ.

ಉತ್ತರ: ಕ್ಲೌಡ್‌ಫ್ಲೇರ್‌ನ ಎಸ್‌ಎಸ್‌ಎಲ್ ಸೆಟ್ಟಿಂಗ್ ‘ಫ್ಲೆಕ್ಸಿಬಲ್’ ಎಂದಿದೆಯಾ ನೋಡಿ. ಹಾಗಿದ್ದರೆ ಅದು ನಿಮ್ಮ ಸರ್ವರ್‌ಗೆ ಎಚ್‌ಟಿಟಿಪಿಯಲ್ಲೇ ಬರುತ್ತದೆ. ಎಂಜಿನ್‌ಎಕ್ಸ್‌ನ $ಸ್ಕೀಮ್ ಕೂಡ ಪ್ರಾಮಾಣಿಕವಾಗಿ ಎಚ್‌ಟಿಟಿಪಿ ಎಂದೇ ಬರೆಯುತ್ತದೆ. ಸರ್ವರ್‌ಗೂ ಸರ್ಟಿಫಿಕೇಟ್ ಹಾಕಿ ‘ಫುಲ್ ಸ್ಟ್ರಿಕ್ಟ್’ಗೆ ಬದಲಿಸಿ. ಫ್ಲೆಕ್ಸಿಬಲ್‌ನಲ್ಲಿ ಅರ್ಧ ದಾರಿ ಪಾಸ್‌ವರ್ಡ್ ಬಯಲಲ್ಲೇ ಹೋಗುತ್ತದೆ, ಅದನ್ನು ಸುರಕ್ಷಿತ ಎನ್ನಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ನಮ್ಮದು ವರ್ಡ್‌ಪ್ರೆಸ್. ಪುಟ ತೆರೆಯುತ್ತದೆ, ಆದರೆ ಎಚ್‌ಟಿಟಿಪಿ ಲಿಂಕ್ ಇರುವ ಸ್ಕ್ರಿಪ್ಟ್‌ಗಳನ್ನು ಬ್ರೌಸರ್ ತಡೆಯುತ್ತದೆ. ಎಂಜಿನ್‌ಎಕ್ಸ್‌ನಲ್ಲೇ ಎಚ್‌ಟಿಟಿಪಿ ಎಂದಿರುವುದನ್ನೆಲ್ಲ ಬದಲಿಸಬಹುದಾ?

ಉತ್ತರ: ಪುಟದೊಳಗಿನ ಪದಗಳನ್ನು ಬದಲಿಸುವ ಎಂಜಿನ್‌ಎಕ್ಸ್‌ನ ಸಬ್_ಫಿಲ್ಟರ್‌ನಿಂದ ಬದಲಿಸಬಹುದು, ಆದರೆ ಬೇಡ. ಒಳಗಿನಿಂದ ಪುಟ ಜಿಜಿಪ್ ಆಗಿ (ಕುಗ್ಗಿಸಿದ ರೂಪದಲ್ಲಿ) ಬಂದರೆ ಅದಕ್ಕೆ ಏನೂ ಸಿಗುವುದಿಲ್ಲ. ಮೇಲೆ ಹೇಳಿದ ಹೆಡರ್ ಕಳಿಸಿ. ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿ, ಡಬ್ಲ್ಯುಪಿ-ಸೆಟ್ಟಿಂಗ್ಸ್ ಸೇರಿಸುವ ಸಾಲಿಗಿಂತ ಮೇಲೆ, ಆ ಹೆಡರ್ ಎಚ್‌ಟಿಟಿಪಿಎಸ್ ಎಂದಿದ್ದರೆ $_ಸರ್ವರ್‌ನ ‘ಎಚ್‌ಟಿಟಿಪಿಎಸ್’ ಅನ್ನು ‘ಆನ್’ ಮಾಡಿ. ಸೆಟ್ಟಿಂಗ್ಸ್ ಪುಟದಲ್ಲಿ ಸೈಟ್ ವಿಳಾಸ, ವರ್ಡ್‌ಪ್ರೆಸ್ ವಿಳಾಸ ಎರಡನ್ನೂ ಎಚ್‌ಟಿಟಿಪಿಎಸ್ ಮಾಡಿ. ಹಳೆಯ ಪೋಸ್ಟ್‌ಗಳಲ್ಲಿ ಉಳಿದ ಲಿಂಕ್‌ಗಳಿಗೆ ವರ್ಡ್‌ಪ್ರೆಸ್‌ನ ಕಮಾಂಡ್ ಲೈನ್ ಟೂಲ್ ಆದ ಡಬ್ಲ್ಯುಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಬಳಸಿ, ಮೊದಲು ಡ್ರೈ-ರನ್ (ಏನನ್ನೂ ಬದಲಿಸದ ಪ್ರಯೋಗ). ನೇರ ಎಸ್‌ಕ್ಯೂಎಲ್‌ನಲ್ಲಿ ಬದಲಿಸಬೇಡಿ. ಕೆಲವು ಪ್ಲಗಿನ್‌ಗಳು ಮಾಹಿತಿಯ ಜೊತೆ ಅದರ ಉದ್ದವನ್ನೂ ಬರೆದಿಟ್ಟಿರುತ್ತವೆ. ನಡುವೆ ಒಂದು ‘ಎಸ್’ ಸೇರಿದರೆ ಆ ಲೆಕ್ಕ ತಪ್ಪಿ ಸೆಟ್ಟಿಂಗ್‌ಗಳು ಖಾಲಿಯಾಗಿ ಕಾಣುತ್ತವೆ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ.