ಹಳೆಯ ನಂಬರ್, ಹೊಸ ನಂಬರ್

ಪ್ರಶ್ನೆ: ನಾವು ಐವರು ಗೆಳೆಯರು ಕನ್ನಡದ ಕಾಗುಣಿತ ತಿದ್ದುವ ಮುಕ್ತ ತಂತ್ರಾಂಶವೊಂದನ್ನು ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದೇವೆ. ಬಳಕೆದಾರರು ತಿಳಿಸಿದ ಸುಮಾರು 1,300 ದೋಷಗಳು ಹನ್ನೊಂದು ವರ್ಷಗಳಿಂದ ಬಗ್‌ಜಿಲ್ಲಾ ಎಂಬ, ದೋಷಗಳ ಪಟ್ಟಿ ಇಡುವ ವ್ಯವಸ್ಥೆಯಲ್ಲಿವೆ. ಅದರ ಸರ್ವರ್ ಬಾಡಿಗೆ ಕಟ್ಟುತ್ತಿದ್ದವರು ಮಾರ್ಚ್ ನಂತರ ತಮ್ಮಿಂದಾಗದು ಎಂದಿದ್ದಾರೆ. ನಮ್ಮ ತಂತ್ರಾಂಶ ಆಗಲೇ ಗಿಟ್‌ಹಬ್ ಎಂಬ, ಕೋಡ್ ಇಡುವ ಜಾಲತಾಣದಲ್ಲಿದೆ. ದೋಷಗಳನ್ನೂ ಅಲ್ಲಿಗೆ ಒಯ್ಯಬೇಕೇ, ಅಥವಾ ಹಳೆಯದನ್ನು ಬಿಟ್ಟು ಹೊಸದಾಗಿ ಶುರು ಮಾಡಿದರೆ ಸಾಕೇ?
— ಓದುಗರೊಬ್ಬರು, ಗಿರಿನಗರ, ಬೆಂಗಳೂರು

ಉತ್ತರ: ಒಯ್ಯಿರಿ, ಮುಗಿದ ದೋಷಗಳನ್ನೂ ಸೇರಿಸಿ. ಒಂದು ಪದವನ್ನು ಹೀಗೇ ಏಕೆ ತಿದ್ದಿದೆವು ಎಂಬ ಜಗಳವೆಲ್ಲ ಇರುವುದು ಮುಗಿದ ದೋಷಗಳಲ್ಲೇ.

ಸಾಮಾನು ಕಟ್ಟುವ ಮೊದಲು ಮಾತ್ರ ನಮ್ಮ ಹಳೆಯ ಬಡಾವಣೆಗಳ ಗೇಟುಗಳನ್ನೊಮ್ಮೆ ನೋಡಿಕೊಂಡು ಬನ್ನಿ. ‘ಹಳೆಯ ನಂಬರ್ 14, ಹೊಸ ನಂಬರ್ 37’ ಎಂದು ಎರಡನ್ನೂ ಬರೆಸಿಕೊಂಡ ಮನೆಗಳು ಸಿಗುತ್ತವೆ. ಹೊಸ ನಂಬರ್ ಬಂದು ಎಷ್ಟು ಕಾಲವಾದರೂ ಕಾಗದಗಳು ಹಳೆಯದಕ್ಕೇ ಬರುತ್ತಿರುತ್ತವೆ. ನಿಮ್ಮ ಹನ್ನೊಂದು ವರ್ಷಗಳ ಕಮಿಟ್ ಸಂದೇಶಗಳಲ್ಲೂ (ಕೋಡ್ ಬದಲಿಸಿದಾಗಲೆಲ್ಲ ಬರೆಯುವ ಟಿಪ್ಪಣಿಗಳಲ್ಲೂ) ‘ದೋಷ 212 ಸರಿಪಡಿಸಿದೆ’ ಎಂಬಂಥ ಸಾಲುಗಳಿರುತ್ತವೆ. ಗಿಟ್‌ಹಬ್‌ನಲ್ಲಿ ಇಶ್ಯೂಗಳಿಗೂ (ದೋಷದ ದೂರುಗಳು) ಪುಲ್ ರಿಕ್ವೆಸ್ಟ್‌ಗಳಿಗೂ (ಕೋಡ್ ಬದಲಾವಣೆಯ ಕೋರಿಕೆಗಳು) ಸೇರಿ ಒಂದೇ ಸಂಖ್ಯಾಸರಣಿ. ನಿಮ್ಮ ತಂತ್ರಾಂಶ ಆಗಲೇ ಅಲ್ಲಿರುವುದರಿಂದ 212ನ್ನು ಯಾವುದೋ ಪುಲ್ ರಿಕ್ವೆಸ್ಟ್ ಹಿಡಿದು ಕೂತಿರಬಹುದು. ಹಳೆಯ ಟಿಪ್ಪಣಿಯಲ್ಲಿ #212 ಎಂದು ಹಾಗೆಯೇ ಉಳಿದರೆ ಗಿಟ್‌ಹಬ್ ತಾನಾಗಿ ಕೊಂಡಿ ಹಾಕಿ, ಓದುವವರನ್ನು ಬೇರೆ ಯಾರದೋ ಮನೆಗೆ ಕರೆದೊಯ್ಯುತ್ತದೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗ 2022ರ ಏಪ್ರಿಲ್‌ನಲ್ಲಿ ರೌಂಡಪ್ ಎಂಬ ಇನ್ನೊಂದು ದೋಷಪಟ್ಟಿಯ ವ್ಯವಸ್ಥೆಯಿಂದ ಗಿಟ್‌ಹಬ್‌ಗೆ ಬಂದಾಗ ಗೇಟಿನ ಉಪಾಯವನ್ನೇ ಮಾಡಿತು. ಹಳೆಯ ಸಂಖ್ಯೆಗೆ ‘ಬಿಪಿಒ’ (ಹಳೆಯ ತಾಣ bugs.python.org), ಹೊಸದಕ್ಕೆ ‘ಜಿಎಚ್’ (ಗಿಟ್‌ಹಬ್) ಎಂಬ ಪೂರ್ವಪದ. ಹಳೆಯ ತಾಣ ಓದುವುದಕ್ಕೆ ಮಾತ್ರ. ನೀವೂ ಪ್ರತಿ ಶೀರ್ಷಿಕೆಯಲ್ಲಿ ಹಳೆಯ ನಂಬರನ್ನು ಉಳಿಸಿ. ಬಗ್‌ಜಿಲ್ಲಾದ ಪುಟಗಳನ್ನು ಬರಿಯ ಎಚ್‌ಟಿಎಂಎಲ್ ಕಡತಗಳಾಗಿ ಇಳಿಸಿ, ಅದೇ ವಿಳಾಸದಲ್ಲಿ ಇಟ್ಟುಬಿಡಿ. ಇಳಿಸುವಾಗ ಲಾಗಿನ್ ಆಗಿರಬೇಡಿ, ಆಗಿದ್ದರೆ ದೂರು ಕೊಟ್ಟವರ ಪೂರ್ತಿ ಮಿಂಚಂಚೆ ವಿಳಾಸ ಊರಿಗೆಲ್ಲ ಹಂಚಿಕೆಯಾಗುತ್ತದೆ.

ಈಗ ನನ್ನ ಪೆದ್ದುತನದ ಕಥೆ. ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಕುಳಿತು ಕನ್ನಡ ಅಕ್ಷರಶೈಲಿಯೊಂದರ ದೋಷಗಳನ್ನು ಹೀಗೆಯೇ ಸಾಗಿಸುತ್ತಿದ್ದೆ. ಕಣ್ಣಿಗೆ ಕಾಣದ ಚಿಹ್ನೆಗಳನ್ನೆಲ್ಲ ಕಸವೆಂದು ಬಗೆದು ಅಳಿಸುವ ಒಂದು ಸಾಲನ್ನು ಸಾಗಿಸುವ ಸ್ಕ್ರಿಪ್ಟ್‌ಗೆ (ಚಿಕ್ಕ ಪ್ರೋಗ್ರಾಮಿಗೆ) ಸೇರಿಸಿ, ಚೊಕ್ಕವಾಯಿತೆಂದು ಬೀಗಿದೆ. ಬೆಳಿಗ್ಗೆ ತೆರೆದ ಮೊದಲ ದೋಷ ಹೀಗಿತ್ತು: ‘ರಾಜ್ಕುಮಾರ್ ಎಂದು ಬರೆದರೆ ರಾಜ್ಕುಮಾರ್ ಎಂದು ಮೂಡುತ್ತದೆ, ದಯವಿಟ್ಟು ಸರಿಪಡಿಸಿ.’ ಮೂಲದಲ್ಲಿ ಮೊದಲನೆಯದು ‘ರಾಜ್‌ಕುಮಾರ್’ ಎಂದಿತ್ತು. ಜ್ ಮತ್ತು ಕು ಒತ್ತಕ್ಷರವಾಗಿ ಕೂಡದಂತೆ ನಡುವೆ ನಿಲ್ಲುವ ಶೂನ್ಯ ಅಗಲದ ಚಿಹ್ನೆಯನ್ನು ನಾನೇ ಗುಡಿಸಿ ಎಸೆದಿದ್ದೆ. ಇಂಥ ದೂರುಗಳೆಲ್ಲ ಅರ್ಥ ಕಳೆದುಕೊಂಡು ಕೂತಿದ್ದವು. ಕಾಗುಣಿತದ ತಂತ್ರಾಂಶದವರಾದ ನಿಮಗೆ ಈ ಅಪಾಯ ನನಗಿಂತ ಹೆಚ್ಚು.

ಆದ್ದರಿಂದ ಮೊದಲು ಬೇರೆ ಯಾರಿಗೂ ಕಾಣದ ಒಂದು ಖಾಸಗಿ ರಿಪಾಸಿಟರಿಯಲ್ಲಿ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಜಾಗ) ಇಪ್ಪತ್ತು ದೋಷಗಳನ್ನು ಇಳಿಸಿ, ಮೂಲದೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಟಿಪ್ಪಣಿಗಳೆಲ್ಲ ಸಾಮಾನ್ಯವಾಗಿ ಸ್ಕ್ರಿಪ್ಟ್ ನಡೆಸುವವರ ಹೆಸರಿನಲ್ಲೇ, ಆ ದಿನದ ತಾರೀಖಿನಲ್ಲೇ ಬೀಳುತ್ತವೆ. ಪ್ರತಿಯೊಂದರ ಮೊದಲ ಸಾಲಿನಲ್ಲಿ ಬರೆದವರ ಹೆಸರು, ದಿನಾಂಕ ಹಾಕಿ. ಹೆಸರಿನ ಆರಂಭದಲ್ಲಿ @ ಇದ್ದರೆ ಕಳಚಿ, ಇಲ್ಲದಿದ್ದರೆ ಗಿಟ್‌ಹಬ್‌ನಲ್ಲಿ ಅದೇ ಹೆಸರಿಟ್ಟುಕೊಂಡ ಅಪರಿಚಿತರಿಗೆ ಸೂಚನೆ ಹೋಗಿ ಬೈಗುಳ ನಿಮಗೆ ಬರುತ್ತದೆ. ಒಂದೇ ಸಮನೆ ಸುರಿದರೆ ಗಿಟ್‌ಹಬ್ ತಡೆದು ನಿಲ್ಲಿಸುತ್ತದೆ, ರಾತ್ರಿಯಿಡೀ ನಿಧಾನವಾಗಿ ಓಡಲು ಬಿಡಿ. ಬಹಿರಂಗಪಡಿಸದ ಭದ್ರತಾ ದೋಷಗಳಿದ್ದರೆ ಅವನ್ನು ಹೊರಗಿಡಿ, ಸಾರ್ವಜನಿಕ ರಿಪಾಸಿಟರಿಯಲ್ಲಿ ಒಂದೇ ಒಂದು ಇಶ್ಯೂವನ್ನು ಮುಚ್ಚಿಡಲು ಬರುವುದಿಲ್ಲ.

ಬಳಕೆದಾರರು ಲಗತ್ತಿಸಿದ ಪರದೆಚಿತ್ರಗಳು ಸಾಮಾನ್ಯವಾಗಿ ಬಗ್‌ಜಿಲ್ಲಾದ ಡೇಟಾಬೇಸಿನೊಳಗೇ ಇರುತ್ತವೆ. ಮಾರ್ಚ್‌ವರೆಗೆ ಕಾಯಬೇಡಿ. ಬಾಡಿಗೆ ಕಟ್ಟುತ್ತಿರುವವರನ್ನು ಈ ಭಾನುವಾರವೇ ಮನೆಗೆ ಕರೆದು ಕಾಫಿ ಕೊಟ್ಟು, ಡೇಟಾಬೇಸಿನ ಪೂರ್ತಿ ಪ್ರತಿಯನ್ನು ಇಬ್ಬರ ಕಂಪ್ಯೂಟರಿಗೆ ಇಳಿಸಿಕೊಳ್ಳಿ.