ಇಂಜಿನ್ ರೆಕ್ಕೆಯ ಮೇಲಿದ್ದರೆ ಚಿಕ್ಕ ರನ್‌ವೇ ಸಾಕು, ಆದರೆ ಇಂಧನ?

ಇಂಜಿನ್ ಗಾಳಿಯನ್ನು ರೆಕ್ಕೆಯ ಮೇಲೆ ಹಾಯಿಸಿದರೆ ಚಿಕ್ಕ ರನ್‌ವೇ ಸಾಕಲ್ಲ, ಎಲ್ಲ ಸರಕು ವಿಮಾನಗಳನ್ನೂ ಯಾಕೆ ಹಾಗೇ ಮಾಡುವುದಿಲ್ಲ, ನನ್ನ ಪ್ರಾಜೆಕ್ಟಿಗೆ ಇದೇ ಸಾಕಾ ಅಂತ ಕೇಳಿದ್ದೀರಿ.

ಉಪಾಯವೇನೋ ಕೆಲಸ ಮಾಡುತ್ತದೆ. 1976ರಲ್ಲಿ ಹಾರಿದ ಬೋಯಿಂಗ್ ವೈಸಿ-14 ಅನ್ನೋ ಪ್ರಾಯೋಗಿಕ ಸರಕು ವಿಮಾನದಲ್ಲಿ ಇದೇ ಇತ್ತು. ಎರಡು ಇಂಜಿನ್, ರೆಕ್ಕೆಯ ಮುಂದೆ, ಸ್ವಲ್ಪ ಮೇಲೆ. ಹೊರಬಂದ ಗಾಳಿ ಚಪ್ಪಟೆಯಾಗಿ ರೆಕ್ಕೆಗೆ ಅಂಟಿಕೊಂಡು ಹರಿದು, ಬಾಗಿದ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಇಳಿಸಬಹುದಾದ ಪಟ್ಟಿ) ಜೊತೆಗೇ ಕೆಳಕ್ಕೆ ತಿರುಗುತ್ತದೆ. ನಲ್ಲಿ ನೀರು ಚಮಚದ ಬೆನ್ನಿಗೆ ಅಂಟಿಕೊಂಡು ಬಾಗುತ್ತಲ್ವಾ, ಹಾಗೆ. ಇದರಿಂದ ನಿಧಾನವಾಗಿ ಹಾರಿದರೂ ವಿಮಾನ ಬೀಳುವುದಿಲ್ಲ. ಇಳಿಯುವ ವೇಗ ಅರ್ಧವಾದರೆ ನೆಲದ ಮೇಲೆ ಓಡುವ ದೂರ ಹೆಚ್ಚುಕಡಿಮೆ ಕಾಲು ಭಾಗವಾಗುತ್ತದೆ.

ತಲೆನೋವು ಮೇಲೆ ಹೋದಮೇಲೆ. ರನ್‌ವೇ ಕೆಲಸ ಒಂದೆರಡು ನಿಮಿಷದ್ದು, ಆಕಾಶದಲ್ಲಿ ಇರೋದು ಗಂಟೆಗಟ್ಟಲೆ. ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿ ಮೊದಲೇ ಜೋರಾಗಿ ಓಡುತ್ತಿರುತ್ತದೆ. ಅಲ್ಲೇ ದಪ್ಪ ಇಂಜಿನ್ ಕವಚ ಕೂರಿಸಿದರೆ, ವೇಗವಾಗಿ ಹಾರುವಾಗ ಆಘಾತ ತರಂಗಗಳು (ಗಾಳಿಯ ಒತ್ತಡ ಥಟ್ಟನೆ ಏರುವ ಪದರಗಳು) ಬೇಗ ಹುಟ್ಟಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತವೆ. ಸಾಲದ್ದಕ್ಕೆ ಇಂಜಿನ್ನಿನಿಂದ ಹೊರಬರುವ ಗಾಳಿಯ ಧಾರೆ, ಅಂದರೆ ಜೆಟ್, ಇಡೀ ದಾರಿ ರೆಕ್ಕೆಯನ್ನು ಉಜ್ಜಿಕೊಂಡೇ ಹೋಗುತ್ತದೆ. ಆ ಎಳೆತಕ್ಕೆಲ್ಲ ಇಂಧನ ಸುರಿಯಬೇಕು.

ಇನ್ನೊಂದು ಪೇಚು: ಒಂದು ಇಂಜಿನ್ ನಿಂತರೆ ಆ ಬದಿಯ ತಳ್ಳುವ ಬಲದ ಜೊತೆ ಎತ್ತುವ ಬಲವೂ ಹೋಗುತ್ತದೆ. ವಿಮಾನ ಪಕ್ಕಕ್ಕೆ ವಾಲುತ್ತದೆ. ಅದಕ್ಕೇ ಇದೇ ಉಪಾಯದ ಸೋವಿಯತ್ ಸರಕು ವಿಮಾನ ಅಂಟೊನೊವ್ ಆನ್-72ರಲ್ಲಿ ಇಂಜಿನ್‌ಗಳು ಒಡಲಿಗೆ ಒತ್ತಿಕೊಂಡಂತೆ ಇವೆ.

ನನಗೆ ಜಾಣತನ ಅನ್ನಿಸೋದು ಅಮೆರಿಕದ ಸೇನಾ ಸರಕು ವಿಮಾನ ಸಿ-17ರ ದಾರಿ. ಇಂಜಿನ್ ರೆಕ್ಕೆಯ ಕೆಳಗೆ. ಫ್ಲ್ಯಾಪ್ ಇಳಿಸಿದಾಗ ಮಾತ್ರ ಜೆಟ್ ಅದಕ್ಕೆ ಬಡಿದು ಕೆಳಕ್ಕೆ ತಿರುಗುತ್ತದೆ. ಮಡಚಿದರೆ ಸುಮ್ನೆ ಹಿಂದಕ್ಕೆ ಹೋಗುತ್ತದೆ. ಬಿಸಿ ತಡೆಯಲು ಅಲ್ಲಿ ಟೈಟಾನಿಯಂ ಬೇಕಾಗುತ್ತದೆ, ತೂಕವೂ ಬರುತ್ತದೆ, ಆದರೆ ಆ ಬೆಲೆ ಕೊಡಬಹುದು. ದೊಡ್ಡ ಫ್ಯಾನಿನ ಇಂಜಿನ್ ಇಲ್ಲಿ ಚೆನ್ನಾಗಿ ಹೊಂದುತ್ತದೆ: ರನ್‌ವೇ ಮೇಲೆ ಬಲ ಜಾಸ್ತಿ, ಗಾಳಿಯ ಬಿಸಿ ಕಡಿಮೆ, ಇಂಧನವೂ ಉಳಿತಾಯ.

ನಿಮ್ಮ ವಿಮಾನ ಕೆಲವೇ ನೂರು ಕಿಲೋಮೀಟರ್ ಹಾರೋದಾದರೆ ಜೆಟ್ ಇಂಜಿನ್ ಮರೆತುಬಿಡಿ, ಪ್ರೊಪೆಲ್ಲರ್ ಇರಲಿ. 1961ರಲ್ಲಿ ಹಾರಿದ ಫ್ರಾನ್ಸಿನ ಬ್ರೆಗೆ 941ರಲ್ಲಿ ನಾಲ್ಕು ಪ್ರೊಪೆಲ್ಲರ್‌ಗಳ ಗಾಳಿ ರೆಕ್ಕೆಯ ಬಹುಪಾಲು ಹರಡುತ್ತಿತ್ತು. ನಾಲ್ಕನ್ನೂ ಒಂದೇ ಶಾಫ್ಟ್‌ನಿಂದ (ತಿರುಗುವ ದಂಡದಿಂದ) ಜೋಡಿಸಿದ್ದರು, ಒಂದು ಇಂಜಿನ್ ಕೈಕೊಟ್ಟರೂ ನಾಲ್ಕೂ ತಿರುಗುತ್ತಿದ್ದವು. ಹಾಗಾಗಿ ಮೊದಲು ಎಷ್ಟು ದೂರ, ಎಷ್ಟು ವೇಗ ಅಂತ ಗಟ್ಟಿಮಾಡಿಕೊಳ್ಳಿ. ಇಂಜಿನ್ ಎಲ್ಲಿ ಅನ್ನೋದು ಆಮೇಲೆ.